‘ಇಷ್ಟಿದ್ದರೆ ಸಾಕು’ ಎಂದು ಬರೆದಿಟ್ಟ ಪುಟ

(ನನ್ನ ಹತ್ತಿರ ಸಲಹೆಗೆ ಬಂದ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಮೊದಲ ದಿನ ಅವರು ಕೂತ ಕೂಡಲೇ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು. ಐದು ನಿಮಿಷ ಆಗಿರಲಿಲ್ಲ, ಎತ್ತಿ ನೋಡಿದರು. ಮತ್ತೆ ಬೋರಲು ಹಾಕಿದರು. ಯಾರದಾದರೂ ಫೋನಿಗೆ ಕಾಯ್ತಿದ್ದೀರಾ ಎಂದು ಕೇಳಿದೆ. "ಇಲ್ಲ ಮೇಡಮ್, ಸುಮ್ನೆ" ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ ತಲೆ ಎತ್ತದೆ ಹೇಳಿದರು: "ಬ್ಯಾಂಕ್ ಬ್ಯಾಲೆನ್ಸ್ ನೋಡ್ತಾರೆ. ರಾತ್ರಿ ಎದ್ದೂ ನೋಡ್ತಾರೆ."

ಅವರಿಗೆ 47 ವರ್ಷ. ಒಳ್ಳೆಯ ಕೆಲಸ, ಸಾಲ ಇಲ್ಲ, ಓದುತ್ತಿರುವ ಇಬ್ಬರು ಮಕ್ಕಳು. ಚಿಕ್ಕಂದಿನಿಂದ ಸಭೆಗೆ (ಚರ್ಚಿಗೆ) ಹೋಗುವವರು. ನನ್ನ ಹತ್ತಿರ ಬಂದದ್ದು ಒಂದು ಸುಳ್ಳಿನ ಸಲುವಾಗಿ. ಹೆಂಡತಿಯ ತಂಗಿಗೆ ಆಪರೇಷನ್ ಆಗಬೇಕಿತ್ತು, ಸಹಾಯ ಕೇಳಿದ್ದರು. ಇವರು "ಈಗ ಕೈಯಲ್ಲಿ ಏನೂ ಇಲ್ಲ" ಎಂದುಬಿಟ್ಟರು. ತಂಗಿ ಬಡ್ಡಿಗೆ ಸಾಲ ತಂದು ಆಪರೇಷನ್ ಮಾಡಿಸಿಕೊಂಡರು. ಎರಡು ತಿಂಗಳಾದ ಮೇಲೆ, ಮನೆಯಲ್ಲಿ ಬೇರೇನೋ ಹುಡುಕುವಾಗ ಹೆಂಡತಿಯ ಕೈಗೆ ಠೇವಣಿ ಪತ್ರಗಳ ಕಟ್ಟು ಸಿಕ್ಕಿತು.

"ಹಣ ಕೊಡಲಿಲ್ಲ ಅನ್ನೋದು ಹೋಗಲಿ ಮೇಡಮ್. ಅವತ್ತು ರಾತ್ರಿ ನನ್ನ ಪಕ್ಕದಲ್ಲೇ ಕೂತು ತಂಗಿಗೋಸ್ಕರ ಪ್ರಾರ್ಥನೆ ಮಾಡಿದ್ರು. ಅದನ್ನ ಮರೆಯೋಕೆ ಆಗ್ತಿಲ್ಲ" ಎಂದರು ಆಕೆ. ಅವರು ಏನೂ ಹೇಳಲಿಲ್ಲ.

ಎರಡನೆಯ ಸಲ ಅವರೊಬ್ಬರನ್ನೇ ಕರೆಸಿದೆ. ಹಣದ ಲೆಕ್ಕ ಹೇಗೆ ಇಟ್ಟುಕೊಂಡಿದ್ದೀರಿ, ತೋರಿಸಬಹುದಾ ಎಂದು ಕೇಳಿದ್ದೆ. ಹಳೆಯ ನೋಟ್‌ಬುಕ್ ಒಂದನ್ನು ತಂದಿದ್ದರು. ಕೊನೆಯ ಪುಟದ ಮೇಲ್ಗಡೆ ನೀಲಿ ಇಂಕಿನಲ್ಲಿ ‘ಇಷ್ಟಿದ್ದರೆ ಸಾಕು’ ಎಂದು ಬರೆದು, ಕೆಳಗೆ ಒಂದು ಅಂಕಿ. ಬರೆದಾಗ ಅವರಿಗೆ 28 ವರ್ಷ. ಅಷ್ಟು ಕೂಡಿದ ವರ್ಷ ಅದನ್ನು ಹೊಡೆದು ಹಾಕಿ ಅದರ ದುಪ್ಪಟ್ಟು ಬರೆದಿದ್ದರು. ಅದೂ ಕೂಡಿತು, ಅದಕ್ಕೂ ಗೀಟು ಬಿತ್ತು. ಹೀಗೆ ನಾಲ್ಕು ಅಂಕಿಗಳಿಗೆ ಗೀಟು, ಐದನೆಯದು ಇನ್ನೂ ಬಾಕಿ. ಶಾಯಿ ಬದಲಾಗಿತ್ತು, ಅಕ್ಷರ ಬದಲಾಗಿತ್ತು. ಮೇಲಿನ ಆ ಎರಡು ಪದ ಮಾತ್ರ ಹಾಗೇ ಇದ್ದವು.

ಐದನೆಯದೂ ಆಯ್ತು ಅಂದ್ಕೊಳ್ಳಿ, ಆಗ ನಿದ್ದೆ ಬರುತ್ತಾ ಎಂದು ಕೇಳಿದೆ. ತುಂಬಾ ಹೊತ್ತು ಪುಟ ನೋಡುತ್ತಾ ಕೂತಿದ್ದರು. "ಇಲ್ಲ ಅನ್ಸುತ್ತೆ" ಎಂದರು.

ಆಮೇಲೆ ಅಪ್ಪನ ವಿಷಯ ಬಂತು. ಅವರಿಗೆ 10 ವರ್ಷ ಇದ್ದಾಗ ಅಪ್ಪನ ವ್ಯಾಪಾರ ಮುಳುಗಿತ್ತು. ಸಾಲ ಕೊಟ್ಟವರು ಬಾಗಿಲು ಬಡಿಯುವಾಗ ಅಮ್ಮ ಒಳಗಿಂದ ಚಿಲಕ ಹಾಕಿ, ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದು ಕೂರುತ್ತಿದ್ದರಂತೆ. "ಅಪ್ಪ ಬೆಳಗ್ಗೆ ಸಂಜೆ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ರು ಮೇಡಮ್. ಆದ್ರೂ ಹಂಗಾಯ್ತು." ಈ ಮಾತನ್ನು ಅವರು ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಸಭೆಯ ಹಿರಿಯರೊಬ್ಬರು ಇವರಿಗೆ ಇದು ದುರಾಸೆ ಎಂದು ಹೇಳಿ, ‘ಹಣದಾಸೆಯು ಸಕಲವಿಧವಾದ ಕೆಟ್ಟತನಕ್ಕೆ ಮೂಲವಾಗಿದೆ’ ಎಂಬ ಬೈಬಲ್ ವಚನ ತೋರಿಸಿ ಕಳಿಸಿದ್ದರು. ವಚನ ನಿಜ. ಆದರೆ ಇವರಿಗೆ ಹಣದ ಮೇಲೆ ಇದ್ದದ್ದು ಆಸೆಗಿಂತ ಜಾಸ್ತಿ ಭಯದಿಂದ ಹುಟ್ಟಿದ ಹಿಡಿತ. ಇವರು ಮೆರೆದವರಲ್ಲ, ತಮಗಾಗಿ ಒಂದು ಒಳ್ಳೆಯ ಅಂಗಿಯನ್ನೂ ಕೊಂಡವರಲ್ಲ. ಹೊರಗಿನಿಂದ ನೋಡಿದರೆ ದುರಾಸೆಯೂ ಭಯವೂ ಒಂದೇ ಥರ ಕಾಣುತ್ತವೆ. ಎರಡೂ ಮುಷ್ಟಿ ಬಿಚ್ಚುವುದಿಲ್ಲ, ಅಲ್ವಾ? ಆದರೆ ಹೆದರಿದವನ ಮುಷ್ಟಿಯನ್ನು ಬೈದು ಬಿಚ್ಚಿಸಲು ಹೋದರೆ ಅದು ಇನ್ನೂ ಬಿಗಿಯಾಗುತ್ತದೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಹಾಗಾಗಿ ಬೈಬಲಿನ ಮತ್ತಾಯ ಪುಸ್ತಕದ 6ನೇ ಅಧ್ಯಾಯವನ್ನು ಜೊತೆಯಲ್ಲಿ ಓದಿದೆವು. 24ನೇ ವಚನದಲ್ಲಿ ಯೇಸು ಸ್ವಾಮಿ ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎನ್ನುತ್ತಾರೆ. ಅದು ಅವರಿಗೆ ಬಾಯಿಪಾಠ. ಮುಂದಿನ ವಚನ ಹೇಗೆ ಶುರುವಾಗುತ್ತೆ ನೋಡಿ ಎಂದೆ. ‘ಆದಕಾರಣ’ ಅಂತ. ಆದಕಾರಣ ಏನು? ಹಣವಂತರನ್ನು ಬೈಯುತ್ತಾರಾ? ಇಲ್ಲ. ಏನು ಊಟ ಮಾಡಬೇಕು, ಏನು ಉಟ್ಟುಕೊಳ್ಳಬೇಕು ಎಂದು ಚಿಂತೆ ಮಾಡಬೇಡಿ ಎನ್ನುತ್ತಾರೆ. ಧನ ಎಂಬ ಯಜಮಾನ ಆಸೆಬುರುಕರನ್ನು ಮಾತ್ರ ಆಳುವುದಿಲ್ಲ, ಚಿಂತೆ ಮಾಡುವವರನ್ನೂ ಆಳುತ್ತಾನೆ. ಅವನ ಕೈಕೆಳಗಿದ್ದವರಿಗೆ ಸ್ವಾಮಿ ಗದರಲಿಲ್ಲ. ಹಕ್ಕಿಗಳನ್ನು ನೋಡಿ ಎಂದರು, ನಿಮಗೆ ಇದೆಲ್ಲ ಬೇಕೆಂದು ನಿಮ್ಮ ತಂದೆಗೆ ಗೊತ್ತಿದೆ ಎಂದರು. ‘ತಂದೆ’ ಎಂಬ ಆ ಪದದ ಹತ್ತಿರ ಅವರು ಓದುವುದನ್ನು ನಿಲ್ಲಿಸಿಬಿಟ್ಟರು. ಅವತ್ತು ಅಲ್ಲಿಗೇ ಬಿಟ್ಟೆವು.

ಇನ್ನೊಂದು ಗಾಯವೂ ಇತ್ತು. ಕೆಲವು ವರ್ಷಗಳ ಹಿಂದೆ ಒಂದು ಕೂಟದಲ್ಲಿ ಬೋಧಕರೊಬ್ಬರು ‘ಬಿತ್ತಿದರೆ ನೂರರಷ್ಟು ಬರುತ್ತೆ’ ಎಂದು ಹೇಳಿ ಕಾಣಿಕೆ ಎತ್ತಿಸಿದ್ದರು. ಇವರು ದೊಡ್ಡ ಮೊತ್ತ ಹಾಕಿ ಕಾದರು. ಏನೂ ಬರಲಿಲ್ಲ. ನನ್ನ ನಂಬಿಕೆಯೇ ಕಮ್ಮಿ ಎಂದುಕೊಂಡು ಸುಮ್ಮನಾದರು. ನನಗೆ ಇದು ಕೇಳಿ ಸಂಕಟವಾಯಿತು. ನೂರರಷ್ಟು ಎಂಬ ಮಾತು ಮಾರ್ಕ 10ರಲ್ಲಿದೆ, ನಿಜ. ಅದೇ 30ನೇ ವಚನದಲ್ಲಿ ‘ಹಿಂಸೆಗಳ’ ಮಾತೂ ಇದೆ. ಮನೆಮಠ ಬಿಟ್ಟು ಬಂದ ಶಿಷ್ಯರಿಗೆ ಸಿಗುವ ಅಣ್ಣತಮ್ಮ, ಅಕ್ಕತಂಗಿ, ತಾಯಂದಿರ ಬಗ್ಗೆ ಹೇಳಿದ ಮಾತು ಅದು, ಬಡ್ಡಿ ಲೆಕ್ಕ ಅಲ್ಲ. ಕೊಟ್ಟು ವಾಪಸ್ಸಿಗೆ ಕಾಯುವುದು ಕಾಣಿಕೆ ಆಗುವುದಿಲ್ಲ, ಹೂಡಿಕೆ ಆಗುತ್ತದೆ. ದೇವರನ್ನು ನಂಬುವುದು ಎಂಬ ಹೆಸರಿನಲ್ಲಿ ಅಲ್ಲಿ ನಡೆದದ್ದೂ ಹಣವನ್ನು ನಂಬುವುದೇ.

ಮೂರನೆಯ ಸಲ ಅವರೇ ಒಂದು ಪ್ರಶ್ನೆ ತಂದಿದ್ದರು. "ಹಂಗಾದ್ರೆ ಉಳಿತಾಯ ಮಾಡೋದೇ ತಪ್ಪಾ? ಎಲ್ಲಾ ಕೊಟ್ಟುಬಿಡಬೇಕಾ?" ಎದೆಯೊಳಗಿನ ಹುಡುಗ ಕೇಳಿದ ಹಾಗಿತ್ತು. ನಾನು ವಿಮೋಚನಕಾಂಡ 16ನ್ನು ತೆಗೆದೆ. ಮರಳುಗಾಡಿನಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ ಬಿದ್ದಾಗ ತಲೆಗೆ ಒಂದು ಅಳತೆ, ಅಂದರೆ ಒಂದು ಓಮೆರ್‌ನಂತೆ ಕೂಡಿಸಿಕೊಳ್ಳಿ, ನಾಳೆಗೆ ಇಡಬೇಡಿ ಎಂದು ಅಪ್ಪಣೆಯಾಗಿತ್ತು. ಕೆಲವರು ಇಟ್ಟರು. ಬೆಳಗ್ಗೆ ಹುಳ ಬಿದ್ದು ನಾರುತ್ತಿತ್ತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆರನೆಯ ದಿನದ ವಿಷಯ ಯಾಕೋ ಕಮ್ಮಿ ಹೇಳುತ್ತಾರೆ. ಆ ದಿನ ಎರಡು ಪಾಲು ಕೂಡಿಸಿ, ಮಾರನೆಯ ದಿನದ ಸಬ್ಬತ್ತಿಗೆ (ವಿಶ್ರಾಂತಿಯ ದಿನಕ್ಕೆ) ಇಟ್ಟುಕೊಳ್ಳಿ ಎಂದು ದೇವರೇ ಹೇಳಿದರು. ಇಟ್ಟರು. ಹುಳ ಬೀಳಲಿಲ್ಲ. ಅದೇ ಮನ್ನ, ಒಂದು ರಾತ್ರಿ ಕೆಟ್ಟಿತು, ಇನ್ನೊಂದು ರಾತ್ರಿ ಕೆಡಲಿಲ್ಲ. ನಿಮ್ಮ ಠೇವಣಿಯಲ್ಲಿ ಎರಡೂ ಥರದ್ದು ಇದೆ, ಯಾವುದು ಯಾವುದು ಅಂತ ನಾವು ಕೂತು ನೋಡೋಣ ಎಂದೆ. ಅವರು ಮೊದಲ ಸಲ ಸ್ವಲ್ಪ ನಕ್ಕರು.

ನಂಬಿದವರು ಲೆಕ್ಕ ಇಡ್ತಾರಾ ಎಂದೂ ಕೇಳಿದರು. ಜಾರ್ಜ್ ಮುಲ್ಲರ್ ವಿಷಯ ಹೇಳಿದೆ. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳ ಮನೆ ತೆರೆದವರು ಅವರು. ಹಣ ಕೊಡಿ ಎಂದು ಯಾರ ಮುಂದೆಯೂ ಕೈ ಚಾಚದೆ, ಪ್ರಾರ್ಥನೆ ಒಂದರಲ್ಲೇ ದೇವರನ್ನು ಕೇಳಿದವರು. ಅವರೇ ಬಂದ ಹಣ, ಹೋದ ಹಣದ ಲೆಕ್ಕವನ್ನು ಅಚ್ಚುಕಟ್ಟಾಗಿ ಬರೆದು ವರದಿ ಮಾಡಿ ಜನರ ಮುಂದೆ ಇಡುತ್ತಿದ್ದರು. ಮುಚ್ಚಿಡಲು ಏನೂ ಇರಲಿಲ್ಲ. ನಿಮ್ಮ ಲೆಕ್ಕ ಮುಚ್ಚಿಟ್ಟದ್ದು, ತೊಂದರೆ ಇರುವುದು ಅಲ್ಲಿ ಎಂದೆ.

ಸಲಹೆ ಅಲ್ಲಿಂದಲೇ ಶುರುವಾಯಿತು. ಮೊದಲ ಕೆಲಸ, ಹೆಂಡತಿಯ ಮುಂದೆ ಎಲ್ಲ ಪತ್ರಗಳನ್ನೂ ಇಟ್ಟು ಪೂರ್ತಿ ಮೊತ್ತ ಹೇಳುವುದು. "ಅದಕ್ಕಿಂತ ಕೊಡೋದೇ ಸುಲಭ" ಎಂದರು. ನಿಜ, ಅದಕ್ಕೇ ಅದು ಮೊದಲು. ಕ್ಷಮೆ ಕೇಳುವಾಗ ಅಪ್ಪನ ಕಥೆಯನ್ನು ಮುಂದೆ ಹಿಡಿಯಬೇಡಿ, ಮೊದಲು ‘ಸುಳ್ಳು ಹೇಳಿದೆ’ ಎಂದು ಹೇಳಿ, ಕಥೆ ಆಮೇಲೆ ಎಂದೆ. ಎರಡನೆಯದು, ತಂಗಿ ತಂದ ಸಾಲವನ್ನು ತೀರಿಸುವುದು. ಇದನ್ನು ದಾನ ಎಂದು ಕರೆಯಕೂಡದು. ಬೈಬಲಿನಲ್ಲಿ ಬರುವ ಸುಂಕ ವಸೂಲಿಗಾರ ಜಕ್ಕಾಯ ತಾನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದ, ಬಡವರಿಗೆ ಅರ್ಧ ಆಸ್ತಿ ಕೊಡುವುದನ್ನು ಬೇರೆಯಾಗಿ ಹೇಳಿದ. ತೀರಿಸುವುದು ಬೇರೆ, ಕೊಡುವುದು ಬೇರೆ.

ಆಮೇಲೆ ಆ ಪುಟ. ಐದನೆಯ ಅಂಕಿಯನ್ನು ಇಬ್ಬರೂ ಕೂತು ಹೊಸದಾಗಿ ಬರೆಯಬೇಕು: ಆರು ತಿಂಗಳ ಮನೆ ಖರ್ಚು, ಮಕ್ಕಳ ಓದು, ಕೆಲಸ ಬಿಟ್ಟ ಮೇಲಿನ ದಿನಗಳು, ಆಸ್ಪತ್ರೆ ಖರ್ಚಿಗೆ ವಿಮೆ. ಅದರ ಮೇಲಿನದು ಆರನೆಯ ದಿನದ ಮನ್ನ ಅಲ್ಲ. ಅದನ್ನು ಯಾರಿಗೆ, ಯಾವಾಗ ಕೊಡಬೇಕು ಎಂದು ಇಬ್ಬರೂ ಪ್ರಾರ್ಥಿಸಿ ತೀರ್ಮಾನಿಸಬೇಕು. ಅಂಕಿಯ ಕೆಳಗೆ ಇಬ್ಬರ ಸಹಿ. ಒಬ್ಬರೇ ಅದನ್ನು ಹೊಡೆದು ಹಾಕುವಂತಿಲ್ಲ. ಲೂಕ 12ರ ಕಥೆಯಲ್ಲಿ ಬೆಳೆ ಹೆಚ್ಚಾದ ಐಶ್ವರ್ಯವಂತ ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟುತ್ತೇನೆ ಎಂದುಕೊಳ್ಳುವಾಗ ಯಾರ ಜೊತೆ ಮಾತಾಡುತ್ತಾನೆ ನೋಡಿ. ತನ್ನ ಜೊತೆಯೇ. ಹೆಂಡತಿ ಇಲ್ಲ, ಅಕ್ಕಪಕ್ಕದವರಿಲ್ಲ. ದೇವರು ಮಾತಾಡುವವರೆಗೆ ಆ ಕಥೆಯಲ್ಲಿ ಇನ್ನೊಂದು ದನಿಯೇ ಇಲ್ಲ. ಅವನ ಬೆಳೆ ತಪ್ಪಲ್ಲ, ಆ ಒಂಟಿ ಲೆಕ್ಕ ನನಗೆ ಹೆದರಿಕೆ ಹುಟ್ಟಿಸುತ್ತದೆ.

ಬ್ಯಾಲೆನ್ಸ್ ನೋಡುವುದು ವಾರಕ್ಕೆ ಒಂದೇ ದಿನ, ಹೆಂಡತಿಯ ಜೊತೆಗೆ. ರಾತ್ರಿ ಮೊಬೈಲ್ ಬೇರೆ ಕೋಣೆಯಲ್ಲಿ. ಎಚ್ಚರವಾದರೆ ಹೇಳಲು ಬೈಬಲಿನ ಜ್ಞಾನೋಕ್ತಿ 30ರಲ್ಲಿ ಆಗೂರ ಎಂಬವನು ದೇವರಿಗೆ ಮಾಡುವ ಬೇಡಿಕೆ ಬರೆದು ಕೊಟ್ಟೆ: ಬಡತನವೂ ಬೇಡ, ಸಿರಿತನವೂ ಬೇಡ, ನನಗೆ ಬೇಕಾದಷ್ಟು ಅನ್ನ ಕೊಡು. ಸಿರಿ ಹೆಚ್ಚಾದರೆ ನಿನ್ನನ್ನು ಮರೆತೇನು, ಬಡವನಾದರೆ ಕದ್ದೇನು ಎಂದು ಎರಡೂ ಭಯವನ್ನು ಆತ ದೇವರ ಮುಂದೆಯೇ ಹೇಳುತ್ತಾನೆ. ನಿದ್ದೆ ಇಲ್ಲದೆ ವರ್ಷಗಳೇ ಆಗಿದ್ದರಿಂದ ಮನೋವೈದ್ಯರನ್ನೂ ಕಾಣಲು ಹೇಳಿದೆ. ಪ್ರಾರ್ಥನೆ ಮಾಡುವವರು ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಮ್ಮಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಪ್ರಾರ್ಥಿಸಿದ ಅಪ್ಪನಿಗೆ ಯಾಕೆ ಹಾಗಾಯಿತು ಎಂಬ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಪ್ರಾರ್ಥಿಸಿದವರಿಗೂ ನಷ್ಟ ಆಗುತ್ತದೆ. ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ‘ನಿಮಗಿರುವವುಗಳಲ್ಲಿ ತೃಪ್ತರಾಗಿರಿ’ ಎಂಬುದಕ್ಕೆ ಕಾರಣವಾಗಿ ಬರುವುದು ‘ನಿನ್ನ ಹಣ ಹೋಗುವುದಿಲ್ಲ’ ಎಂಬ ಮಾತಲ್ಲ, ‘ನಾನು ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ’ ಎಂಬ ಮಾತು. ಮುಚ್ಚಿದ ಬಾಗಿಲ ಒಳಗೆ ಅಮ್ಮನ ಕೈ ನಿಮ್ಮ ಬಾಯಿ ಮೇಲಿದ್ದಾಗ ಆತ ಎಲ್ಲಿದ್ದ ಎಂದು ನೀವೇ ಕೇಳಿ, ಎಷ್ಟು ಸಲ ಬೇಕಾದರೂ ಕೇಳಿ ಎಂದೆ. ಅವರು ಅತ್ತರು.

ಹೆಂಡತಿಗೆ ನಾನು ಹೇಳಿದ್ದು ಸ್ವಲ್ಪವೇ. ಬೇಗ ಕ್ಷಮಿಸಿಬಿಡಬೇಕು ಎಂದು ಯಾರೂ ಅವಸರ ಮಾಡದಿರಲಿ. ಮುರಿದ ನಂಬಿಕೆ ಕೂಡಿಕೊಳ್ಳಲು ಸಮಯ ಬೇಕು. ಅವರು ತಲೆಯಾಡಿಸಿದರು.

ಮೂರು ತಿಂಗಳಾದ ಮೇಲೆ ಇಬ್ಬರೂ ಬಂದರು. ತಂಗಿಯ ಸಾಲ ತೀರಿತ್ತು. ಪುಟಕ್ಕೆ ಎರಡು ಸಹಿ ಬಿದ್ದಿತ್ತು. ನಿದ್ದೆ ಪರವಾಗಿಲ್ಲ ಎಂದರು. "ಒಂದಿನ ತಪ್ಪಿದೆ ಮೇಡಮ್" ಎಂದು ತಾವೇ ಹೇಳಿದರು. ರಾತ್ರಿ ಎರಡು ಗಂಟೆಗೆ ಎದ್ದು ಪಕ್ಕದ ಕೋಣೆಗೆ ಹೋಗಿ ಮೊಬೈಲ್ ನೋಡಿದ್ದರು. ವಾಪಸ್ ಬಂದು ಹೆಂಡತಿಯನ್ನು ಎಬ್ಬಿಸಿ, ನೋಡಿಬಿಟ್ಟೆ ಎಂದು ಹೇಳಿದ್ದರು.

"ನೀವೇನಂದ್ರಿ?" ಎಂದು ಆಕೆಯನ್ನು ಕೇಳಿದೆ.

"ಎಷ್ಟಿದೆ ಅಂದೆ. ನಿನ್ನೆ ಇದ್ದಷ್ಟೇ ಇದೆ ಅಂದ್ರು. ಸರಿ, ಮಲ್ಕೊಳ್ಳಿ ಅಂದೆ."