ಜಿಂಕೆಯ ಹೊಟ್ಟೆ ಬಗೆದು ತೊಗಲು ಸುಲಿಯಲು ಎಂತಹ ಚಾಕು ಕೊಳ್ಳಬೇಕು?

ಬರುವ ನವೆಂಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್‌ ರಾಜ್ಯದಲ್ಲಿ ಸಹೋದ್ಯೋಗಿಗಳೊಡನೆ ಮೊದಲ ಸಲ ಬಿಳಿಬಾಲದ ಜಿಂಕೆಯ ಬೇಟೆಗೆ ಹೊರಟಿರುವ ತಾವು, ಒಂದೇ ಚಾಕು ಕೊಳ್ಳುವುದಾದರೆ ಯಾವುದೆಂದು ಕೇಳಿದ್ದೀರಿ. ಇದೇ ರಾಜ್ಯದಲ್ಲಿ ಪರವಾನಗಿ ಪಡೆದು ಕೆಲವು ವರ್ಷಗಳಿಂದ ಬೇಟೆಯಾಡುತ್ತಿರುವ ನನ್ನ ಸಲಹೆ ಇಷ್ಟು: ಮೂರೂವರೆ ಇಂಚಿನ ಅಲಗುಳ್ಳ, ಮಡಚಲು ಬಾರದ ಸ್ಟೇನ್‌ಲೆಸ್ ಚಾಕು.

ನಾನು ಕೊಡಗಿನವನು. ಹಂದಿ ಕೊಯ್ಯಲು ಕತ್ತಿ ದೊಡ್ಡದಾದಷ್ಟೂ ಒಳ್ಳೆಯದೆಂದು ನಂಬಿ ಬೆಳೆದವನಾದ್ದರಿಂದ ಮೊದಲ ವರ್ಷ ಏಳು ಇಂಚಿನ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದೆ. ಹೊಟ್ಟೆ ಸೀಳುವಾಗ ಅದರ ಮೊನೆ ಜಠರಕ್ಕೆ ತಾಗಿ, ಅರೆಜೀರ್ಣವಾದ ಮೇವಿನ ಹಸಿರು ರಸ ಬೆನ್ನೆಲುಬಿನ ಒಳಬದಿಯ ಮೆತ್ತನೆಯ ಮಾಂಸದ ಮೇಲೆಲ್ಲ ಹರಿಯಿತು. ಆ ಜಿಂಕೆಯಲ್ಲಿ ಅತ್ಯಂತ ರುಚಿಯಾದ ಭಾಗವನ್ನೇ ಎಸೆಯಬೇಕಾಯಿತು. ತೊಗಲಿನಲ್ಲಿ ಚಿಕ್ಕ ರಂಧ್ರ ಮಾಡಿ, ಎಡಗೈಯ ಎರಡು ಬೆರಳುಗಳಿಂದ ಅದನ್ನು ಮೇಲೆತ್ತಿ, ಚಾಕುವಿನ ಬಾಯಿ ಆಕಾಶ ನೋಡುವಂತೆ ಬೆರಳುಗಳ ನಡುವೆ ಹಿಡಿದು ಒಳಗಿನಿಂದ ಹೊರಕ್ಕೆ ಕೊಯ್ಯುತ್ತ ಹೋದರೆ ಕರುಳೂ ಉಳಿಯುತ್ತದೆ, ಕೂದಲು ತಾಗಿ ಬಾಯಿ ಮೊಂಡಾಗುವುದೂ ತಪ್ಪುತ್ತದೆ. ಅನಂತರ ಹೊಟ್ಟೆಯನ್ನೂ ಎದೆಗೂಡನ್ನೂ ಬೇರ್ಪಡಿಸುವ ಪೊರೆಯಾದ ವಪೆಯನ್ನು ಕೊಯ್ದು, ಎದೆಗೂಡಿನೊಳಗೆ ಮೊಣಕೈವರೆಗೆ ಕೈ ಹಾಕಿ ಕಣ್ಣಿಗೆ ಕಾಣದ ಶ್ವಾಸನಾಳವನ್ನು ಕತ್ತರಿಸಬೇಕು. ಅಲ್ಲಿ ಉದ್ದನೆಯ ಅಲಗು ಮೊದಲು ಹುಡುಕುವುದು ನಿಮ್ಮ ಬೆರಳನ್ನೇ.

ಅಲಗಿನ ಬೆನ್ನು ಮೊನೆಯತ್ತ ಮೆಲ್ಲಗೆ ಇಳಿದಿರಲಿ, ಬಾಯಿ ತುಸು ಉಬ್ಬಿರಲಿ. ಇದನ್ನು ಅಂಗಡಿಯವರು ಡ್ರಾಪ್ ಪಾಯಿಂಟ್ ಎನ್ನುತ್ತಾರೆ. ಬೆನ್ನಿನ ಮೇಲೆ ಕೊಕ್ಕೆಯಿರುವವು ನೋಡಲು ಚೆಂದ, ಆದರೆ ಕೊಕ್ಕೆಯನ್ನು ಮಸೆಯುವುದು ತಲೆನೋವಿನ ಕೆಲಸ. 1964ರಿಂದ ಬರುತ್ತಿರುವ ಬಕ್ 110ರಂತಹ ಮಡಚುವ ಚಾಕುಗಳು ಗಟ್ಟಿಯೇ ಆದರೂ, ಕೀಲಿನ ಸಂದಿಯಲ್ಲಿ ಸೇರಿದ ಕೊಬ್ಬನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತ ಕೂರಬೇಕಾಗುತ್ತದೆ. ಅಲಗು ಬದಲಿಸುವಂಥವು ಬ್ಲೇಡಿನಷ್ಟೇ ಹರಿತ. ಆದರೆ ಜಿಂಕೆಯ ಮೂಳೆಗಳ ಕೀಲಿನಲ್ಲಿ ತಿರುಚಿದರೆ ಮುರಿದು ಮಾಂಸದಲ್ಲೇ ಉಳಿಯಬಹುದು.

ಕಾರ್ಬನ್ ಉಕ್ಕು ಸುಲಭವಾಗಿ ಮಸೆಯಲು ಬರುತ್ತದೆಂಬುದು ನಿಜ. ಆದರೂ ಸ್ಟೇನ್‌ಲೆಸ್ ಎನ್ನಲು ಕಾರಣವಿದೆ. ಇಲ್ಲಿನ ಕಾಡುಜಿಂಕೆಗಳಲ್ಲಿ 2002ರಲ್ಲಿ ಪತ್ತೆಯಾದ ಕ್ರಾನಿಕ್ ವೇಸ್ಟಿಂಗ್ ಎಂಬ ಮಿದುಳಿನ ಕಾಯಿಲೆಗೆ ಕಾರಣವಾದ ಪ್ರಿಯಾನ್‌ಗಳು, ಎಂದರೆ ರೂಪಗೆಟ್ಟ ಪ್ರೋಟೀನುಗಳು, ಕುದಿಯುವ ನೀರಿಗೂ ಜಗ್ಗುವುದಿಲ್ಲ. ಆದ್ದರಿಂದ ಅಂಟಿದ ಮಾಂಸವನ್ನೆಲ್ಲ ತೊಳೆದು ತೆಗೆದು, ಎರಡು ಪಾಲು ಮನೆಬಳಕೆಯ ಬ್ಲೀಚಿಗೆ ಮೂರು ಪಾಲು ನೀರು ಬೆರೆಸಿ, ಐದು ನಿಮಿಷ ಚಾಕುವನ್ನು ಅದರಲ್ಲಿ ಮುಳುಗಿಸಿಟ್ಟು ಮತ್ತೆ ತೊಳೆಯುತ್ತೇನೆ. ಕಾರ್ಬನ್ ಉಕ್ಕು ಇದಕ್ಕೆ ಬೇಗನೆ ತುಕ್ಕು ಹಿಡಿಯುತ್ತದೆ. ಇದೇ ಕಾರಣಕ್ಕೆ ಮರದ ಹಿಡಿ, ರಕ್ತ ಹೀರುವ ಚರ್ಮದ ಒರೆ ಎರಡೂ ಬೇಡ. ನಾನೀಗ ಬಳಸುವುದು ಸ್ವೀಡನ್ನಿನ ಮೋರಾ ಕಂಪನಿಯ ಅಗ್ಗದ ಚಾಕು, ಪ್ಲಾಸ್ಟಿಕ್ ಒರೆಯದು.

ಹಿಡಿ ಮಾತ್ರ ಕಿತ್ತಳೆ ಬಣ್ಣದ್ದಿರಲಿ. ಹಸಿರು ಹಿಡಿಯದೊಂದನ್ನು ಒಣಗಿದ ಓಕ್ ಎಲೆಗಳ ನಡುವೆ ಇಟ್ಟು, ಟಾರ್ಚ್ ಹಿಡಿದು ಅರ್ಧ ಗಂಟೆ ಹುಡುಕಿ, ಕೊನೆಗೆ ಅಲ್ಲೇ ಬಿಟ್ಟು ಬಂದಿದ್ದೇನೆ.