ನಿಖರವಾದ ರೈಫಲ್ ಗುಂಡಿಗೆ ಯಾವ ರೀಲೋಡಿಂಗ್ ಡೈ ಆರಿಸಬೇಕು?

ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕವಚವನ್ನು, ಅಂದರೆ ಕೇಸನ್ನು, ಮತ್ತೆ ತುಂಬುವ ಮುಂಚೆ ಅಳತೆಗೆ ಒತ್ತುವ ಅಚ್ಚೇ ಡೈ. ಬೋಲ್ಟನ್ನು ಕೈಯಿಂದ ತೆರೆದು ಮುಚ್ಚುವ ಬೋಲ್ಟ್ ಆಕ್ಷನ್ ರೈಫಲ್‌ಗೆ ಕೇಸಿನ ನೆಕ್ (ಬುಲೆಟ್ ಹಿಡಿಯುವ ಕತ್ತು) ಮಾತ್ರ ಒತ್ತುವ ನೆಕ್ ಡೈ ಸಾಕೇ, ಇಡೀ ಕೇಸನ್ನು ಒತ್ತುವ ಫುಲ್ ಲೆಂಗ್ತ್ ಡೈ ಬೇಕೇ ಎಂಬುದು ನಿಮ್ಮ ಪ್ರಶ್ನೆ. ಫುಲ್ ಲೆಂಗ್ತ್ ಡೈಯನ್ನೇ ತಗೊಳ್ಳಿ, ಅದರಲ್ಲೂ ಬುಶಿಂಗ್ (ನೆಕ್ಕನ್ನು ಅಳತೆಗೆ ಒತ್ತುವ ಬಳೆ) ಬದಲಿಸಲು ಬರುವಂಥದ್ದು. ಬರೀ ನೆಕ್ ಮಾತ್ರ ಸೈಜ್ ಮಾಡಿದ ಕೇಸ್ ಕೆಲವು ಸಲ ಹಾರಿಸಿದ ಮೇಲೆ ಚೇಂಬರಿನಲ್ಲಿ, ಅಂದರೆ ರೈಫಲ್‌ನಲ್ಲಿ ಗುಂಡು ಕೂರುವ ಜಾಗದಲ್ಲಿ, ಬಿಗಿಯಾಗುತ್ತದೆ. ಬೋಲ್ಟ್ ಮುಚ್ಚಲು ಕೈ ಒತ್ತಿದ ಕೂಡಲೇ ರೈಫಲ್ ಗುರಿಯಿಂದ ಕದಲುತ್ತದೆ.

ಡೈ ಹೊಂದಿಸುವಾಗ ಕೇಸಿನ ಭುಜ (ನೆಕ್ಕಿನ ಕೆಳಗಿನ ಇಳಿಜಾರು) 0.001ರಿಂದ 0.002 ಇಂಚು ಮಾತ್ರ ಹಿಂದೆ ಸರಿಯಲಿ. ಇದನ್ನು ಕಂಪ್ಯಾರೇಟರ್ (ಭುಜದವರೆಗಿನ ಉದ್ದ ಅಳೆಯಲು ನೆರವಾಗುವ ಜೋಡಣೆ) ಹಾಕಿದ ಕ್ಯಾಲಿಪರ್‌ನಲ್ಲಿ ಅಳೆಯಿರಿ, ಅಂದಾಜು ಬೇಡ. ಜಾಸ್ತಿ ತಳ್ಳಿದರೆ ಹಿತ್ತಾಳೆ ಪ್ರತಿ ಸಲವೂ ಹಿಗ್ಗಿ ತಳದ ಹತ್ತಿರ ತೆಳುವಾಗುತ್ತದೆ. ಅಲ್ಲಿ ಹೊಳೆಯುವ ಉಂಗುರ ಕಂಡರೆ ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಆಡಿಸಿ ನೋಡಿ. ತಗ್ಗಿಗೆ ಸಿಕ್ಕಿಕೊಂಡರೆ ಆ ಕೇಸನ್ನು ಎಸೆದುಬಿಡಿ.

ಬುಶಿಂಗ್ ಅಳತೆಗೆ ಬುಲೆಟ್ ಕೂರಿಸಿದ ನಿಮ್ಮದೇ ಗುಂಡಿನ ನೆಕ್ ಅಳೆಯಿರಿ. ಅದು 0.336 ಇಂಚು ಇದ್ದರೆ 0.334ರ ಬುಶಿಂಗ್‌ನಿಂದ ಶುರುಮಾಡಿ. ನೆಕ್ ಒಳಗಿಂದ ಹೊರಬರುತ್ತಾ ಅದನ್ನು ಹಿಗ್ಗಿಸುವ ಡೈಯ ಗುಂಡಿ, ಎಕ್ಸ್‌ಪ್ಯಾಂಡರ್ ಬಾಲ್, ನೆಕ್ಕನ್ನು ಓರೆಯಾಗಿ ಎಳೆಯಬಹುದು. ನಾನಾದರೆ ಅದನ್ನು ತೆಗೆದು ಮ್ಯಾಂಡ್ರೆಲ್ (ನೆಕ್ ಒಳಗೆ ತೂರಿಸಿ ಹಿಗ್ಗಿಸುವ ನುಣುಪಾದ ಕಡ್ಡಿ) ಬಳಸುತ್ತೇನೆ.

ಕೇಸಿನೊಳಗೆ ಬುಲೆಟ್ ಕೂರಿಸುವ ಸೀಟಿಂಗ್ ಡೈಯಲ್ಲಿ ಆಳ ಹೊಂದಿಸುವ ಮೈಕ್ರೋಮೀಟರ್ ಇದ್ದರೆ ಅನುಕೂಲ, ಅಷ್ಟೇ. ಬುಲೆಟ್ ಒಳಗಿಳಿಯುವ ಮುಂಚೆಯೇ ಕೇಸನ್ನು ನೇರವಾಗಿ ಹಿಡಿಯುವ ತೋಳು ಇದೆಯೇ ಎಂಬುದು ಅದಕ್ಕಿಂತ ಮುಖ್ಯ. ಬುಲೆಟ್ಟನ್ನು ಒಳಕ್ಕೆ ತಳ್ಳುವ ಸ್ಟೆಮ್ ಎಂಬ ಕಡ್ಡಿ ಬುಲೆಟ್ಟಿನ ತುದಿಯನ್ನು ಒತ್ತದೆ ಅದರ ಇಳಿಜಾರಿನ ಮೇಲೆ ಕೂರಬೇಕು, ಇಲ್ಲದಿದ್ದರೆ ಒಂದೊಂದು ಗುಂಡಿನ ಆಳವೂ ಬೇರೆಯಾಗುತ್ತದೆ.