ಸ್ಲೀವ್ ಆದ ಮೇಲೆ ಬೈಪಾಸ್ ಮಾಡಿಸಿಕೊಳ್ಳಬಹುದೇ?

ನೀವು ಬರೆದಿರುವುದನ್ನು ಎರಡು ಬಾರಿ ಓದಿದೆ. ವಯಸ್ಸು 33, ನಾಲ್ಕು ವರ್ಷಗಳ ಹಿಂದೆ ಬೆಂಗಳೂರಿನಲ್ಲಿಯೇ ತೂಕ ಇಳಿಸಲು ಜಠರವನ್ನು ಕಿರಿದುಗೊಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಆಗಿದೆ, ಇಳಿದಿದ್ದ 34 ಕೆ.ಜಿ.ಯಲ್ಲಿ 17 ಕೆ.ಜಿ. ಮರಳಿ ಬಂದಿದೆ, ರಾತ್ರಿಯ ಹೊತ್ತು ಎದೆಯುರಿ, ಹುಳಿ ತೇಗು, ಅದನ್ನು ಜಠರದ ಬೈಪಾಸ್‌ಗೆ ಬದಲಾಯಿಸೋಣವೆಂದು ವೈದ್ಯರು ಹೇಳಿದ್ದಾರೆ, ಮುಂದೆ ಮಗುವಿನ ಯೋಚನೆಯೂ ಇದೆ, ಇದೇ ದಾರಿಯಲ್ಲಿ ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ ಎಂದು ಕೇಳಿದ್ದೀರಿ. ನಾನು ಹೋಗಿ ಬಂದವಳು. 2017ರಲ್ಲಿ ಸ್ಲೀವ್, 2022ರ ಡಿಸೆಂಬರಿನಲ್ಲಿ ಬೈಪಾಸ್. ನಾನು ವೈದ್ಯಳಲ್ಲ, ಮಲ್ಲೇಶ್ವರದ ಕಡೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಆದ್ದರಿಂದ ಇಲ್ಲಿ ಬರೆಯುವುದನ್ನು ನಿಮ್ಮ ವೈದ್ಯರ ಮುಂದೆ ಇಡಬೇಕಾದ ಪ್ರಶ್ನೆಗಳೆಂದು ತಿಳಿಯಿರಿ, ಉತ್ತರಗಳೆಂದಲ್ಲ.

ನಿಮ್ಮ ಪ್ರಶ್ನೆಯಲ್ಲಿ ಎರಡು ತೊಂದರೆಗಳು ಒಂದೇ ಗಂಟಿನಲ್ಲಿವೆ: ಎದೆಯುರಿ ಒಂದು, ಮರಳಿ ಬಂದ ತೂಕ ಇನ್ನೊಂದು. ಮೊದಲು ಈ ಗಂಟನ್ನು ಬಿಚ್ಚಿ. ಎದೆಯುರಿಗಾಗಿ ಬೈಪಾಸ್ ಮಾಡಿಸಿಕೊಳ್ಳುವುದು ಬೇರೆ, ತೂಕಕ್ಕಾಗಿ ಮಾಡಿಸಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಫಲ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಎರಡನೆಯದರಲ್ಲಿ, ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಕಂಡಂತಹ ಇಳಿಕೆಯನ್ನು ನಿರೀಕ್ಷಿಸಿ ಹೋದವರು ನಿರಾಶರಾಗುವುದೇ ಹೆಚ್ಚು. ಇದನ್ನು ನನಗೆ ಯಾರೂ ಮೊದಲೇ ಬಿಡಿಸಿ ಹೇಳಿರಲಿಲ್ಲ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚಿನ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯ ಆಕಾರದ ಕೊಳವೆಯಾಗಿ ಪಿನ್ನು ಹೊಡೆಯುತ್ತಾರೆ. ಹಿಗ್ಗುವ ಚೀಲ ಹೋಗಿ ಹಿಗ್ಗದ ಕೊಳವೆ ಬರುತ್ತದೆ. ಕೆಳಗಿನ ಬಾಗಿಲು, ಅಂದರೆ ಜಠರದಿಂದ ಕರುಳಿಗೆ ಆಹಾರವನ್ನು ಬಿಡುವ ಕವಾಟ, ಹಿಂದಿನಂತೆಯೇ ಬಿಗಿಯಾಗಿರುತ್ತದೆ. ಹೀಗಾಗಿ ಒಳಗಿನ ಒತ್ತಡ ಏರುತ್ತದೆ, ಮತ್ತು ಮೇಲಿನ ಬಾಗಿಲು ಸ್ವಲ್ಪ ಸಡಿಲವಿದ್ದರೂ ಆಮ್ಲ ಅನ್ನನಾಳಕ್ಕೆ ನುಗ್ಗುತ್ತದೆ. ಜಠರದ ಮೇಲ್ತುದಿ ವಪೆಯ ರಂಧ್ರದ ಮೂಲಕ ಎದೆಗೂಡಿನ ಕಡೆಗೆ ಜಾರಿದ್ದರೆ, ಅದನ್ನೇ ಹಯಾಟಸ್ ಹರ್ನಿಯಾ ಎನ್ನುತ್ತಾರೆ, ತೊಂದರೆ ಇನ್ನೂ ಹೆಚ್ಚು.

ನನಗೆ ಇದು ಎದೆಯುರಿಯಾಗಿ ಶುರುವಾಗಲಿಲ್ಲ, ಧ್ವನಿಯಾಗಿ ಶುರುವಾಯಿತು. ಸ್ಲೀವ್ ಆದ ಎರಡನೆಯ ವರ್ಷದಿಂದ, ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಗಂಟಲು ಒಡೆದು, ಹಳಗನ್ನಡದ ಪದ್ಯವನ್ನು ಗಟ್ಟಿಯಾಗಿ ಓದಲು ಆಗುತ್ತಿರಲಿಲ್ಲ. ಪಾಠ ಹೇಳುವವರಿಗೆ ಇದು ಇದ್ದದ್ದೇ ಎಂದು ಬಿಸಿನೀರು, ಜೇಷ್ಠಮಧು, ಉಪ್ಪುನೀರಿನ ಮುಕ್ಕಳಿಕೆಯಲ್ಲಿ ಎರಡು ವರ್ಷ ಕಳೆದೆ. ಆಮೇಲೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಬೆಳಿಗ್ಗೆ ಒಂದು, ನಂತರ ರಾತ್ರಿಗೂ ಒಂದು. 2022ರ ಒಂದು ರಾತ್ರಿ ಮಲಗಿದ್ದಾಗ ಹುಳಿ ನೀರು ಬಾಯಿ ತುಂಬಿ, ಮೂಗಿಗೇರಿ, ಕೆಮ್ಮುತ್ತಾ ಎದ್ದು ಕುಳಿತವಳು ಬೆಳಗಾಗುವವರೆಗೂ ಮತ್ತೆ ಮಲಗಲಿಲ್ಲ. ಅಂದಿನಿಂದ ಮೂರು ದಿಂಬುಗಳನ್ನು ಒರಗಿಸಿಕೊಂಡು ಕುಳಿತೇ ನಿದ್ದೆ.

ಸ್ಲೀವ್ ಮಾಡಿದ್ದ ಆಸ್ಪತ್ರೆಗೆ ಹೋದಾಗ, ಕೊಳವೆ ಅಗಲವಾಗಿದೆ, ಮತ್ತೊಮ್ಮೆ ಸ್ಲೀವ್ ಮಾಡಿ ಕಿರಿದುಗೊಳಿಸೋಣ ಎಂದರು. ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿಯನ್ನೂ ಮಾಡದೆ ದಿನಾಂಕ ಕೊಡಲು ಸಿದ್ಧರಿದ್ದರು. ಆಮ್ಲ ಮೇಲಕ್ಕೆ ಬರುತ್ತಿರುವವರಿಗೆ ಕೊಳವೆಯನ್ನು ಇನ್ನಷ್ಟು ಬಿಗಿ ಮಾಡುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ ಎಂಬುದು ನನಗೆ ತಿಳಿದದ್ದು ಬೇರೊಬ್ಬ ಸರ್ಜನ್ ಅವರಿಂದ. ಅವರು ಮೊದಲು ಕೇಳಿದ್ದು ಹಿಂದಿನ ಆಪರೇಷನ್ ನೋಟ್ಸ್. ನನ್ನ ಬಳಿ ಇದ್ದದ್ದು ಡಿಸ್ಚಾರ್ಜ್ ಸಾರಾಂಶದ ಒಂದೇ ಹಾಳೆ. ಯಾವ ಅಳತೆಯ ನಳಿಕೆಯ ಮೇಲೆ ಜಠರವನ್ನು ಕತ್ತರಿಸಿದ್ದರು, ಆಗ ಹರ್ನಿಯಾ ಕಂಡಿತ್ತೇ, ಕಂಡಿದ್ದರೆ ಹೊಲಿದಿದ್ದರೇ ಎಂಬ ಯಾವ ವಿವರವೂ ಅದರಲ್ಲಿರಲಿಲ್ಲ. ಅದಕ್ಕಾಗಿ ಮೂರು ಬಾರಿ ದಾಖಲೆ ವಿಭಾಗದ ಕಿಟಕಿಯ ಮುಂದೆ ನಿಂತೆ. ನೀವು ಈ ಕಾಗದಗಳನ್ನು ಈಗಲೇ, ಲಿಖಿತ ಅರ್ಜಿ ಕೊಟ್ಟು ತೆಗೆದಿಟ್ಟುಕೊಳ್ಳಿ.

ಆನಂತರ ಪರೀಕ್ಷೆಗಳು. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಕೆಳಭಾಗದ ಹುಣ್ಣುಗಳೂ ಸುಮಾರು 3 ಸೆಂ.ಮೀ. ಹರ್ನಿಯಾವೂ ಕಂಡವು. ದೀರ್ಘಕಾಲ ಆಮ್ಲ ತಾಗಿದರೆ ಅನ್ನನಾಳದ ಒಳಪದರದ ಜೀವಕೋಶಗಳು ಬದಲಾಗುವ ಬ್ಯಾರೆಟ್ ಎಂಬ ಸ್ಥಿತಿ ಇದೆ. ಮುಂದೆ ಕ್ಯಾನ್ಸರಿಗೆ ದಾರಿಯಾಗುವ ಸಾಧ್ಯತೆ ಅದಕ್ಕೆ ಇರುವುದರಿಂದ ಬಯಾಪ್ಸಿಗೂ ಕಳಿಸಿದರು. ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಕೊಳವೆಯ ನಡುವೆ ತಿರುಚು ಇದೆಯೇ, ಎಲ್ಲಿಯಾದರೂ ಕಿರಿದಾಗಿದೆಯೇ ಎಂದು ನೋಡಿದರು. ಎದೆಯುರಿ ನಿಜವಾಗಿ ಆಮ್ಲದಿಂದಲೇ ಬರುತ್ತಿದೆಯೇ ಎಂಬ ಅನುಮಾನವಿದ್ದಾಗ ಮೂಗಿನ ಮೂಲಕ ಸಣ್ಣ ತಂತಿ ಇಳಿಸಿ 24 ಗಂಟೆ ಆಮ್ಲವನ್ನು ಅಳೆಯುವ ಪರೀಕ್ಷೆಯೂ ಉಂಟು. ಇವುಗಳಲ್ಲಿ ಒಂದೂ ಆಗದೆ ಬೈಪಾಸ್ ಎಂದು ಹೇಳಿದ್ದರೆ ನೀವು ಇನ್ನೊಬ್ಬರ ಅಭಿಪ್ರಾಯ ಪಡೆಯಲೇಬೇಕು.

ತೂಕದ ಮಾತು. 160 ಸೆಂ.ಮೀ. ಎತ್ತರದ ನಾನು 118 ಕೆ.ಜಿ.ಯಿಂದ 76ಕ್ಕೆ ಇಳಿದು, ಐದು ವರ್ಷಗಳಲ್ಲಿ 91ಕ್ಕೆ ಮರಳಿದ್ದೆ. ಕೊಳವೆ ಹಿಗ್ಗಿದೆ ಎಂದು ದೂರುವುದು ಸುಲಭ. ಹೊಸ ಡಯಟೀಷಿಯನ್ ಮೂರು ವಾರ ಬಾಯಿಗೆ ಹಾಕಿದ್ದನ್ನೆಲ್ಲ ಬರೆಯಿರಿ ಎಂದರು. ಬರೆದೆ. ಊಟದ ಲೆಕ್ಕ ಸರಿಯಾಗಿಯೇ ಇತ್ತು: ಒಂದೂವರೆ ಇಡ್ಲಿಗೆ ಹೊಟ್ಟೆ ತುಂಬುತ್ತಿತ್ತು. ಆದರೆ ಸಂಜೆ ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತರೆ ಒಂದು ಕಟ್ಟು ಮುಗಿಯುವಷ್ಟರಲ್ಲಿ ಒಂದು ಬಟ್ಟಲು ಕೋಡುಬಳೆ ಮುಗಿಯುತ್ತಿತ್ತು. ಇಡ್ಲಿ ನಿಲ್ಲುವ ಕೊಳವೆಯಲ್ಲಿ ಕೋಡುಬಳೆ, ಬಿಸ್ಕತ್ತು, ಖಾರದ ಅವಲಕ್ಕಿ ನಿಲ್ಲುವುದಿಲ್ಲ. ಅಗಿದ ಕೂಡಲೇ ಪುಡಿಯಾಗಿ ಕಾಫಿಯೊಂದಿಗೆ ಜಾರಿ ಹೋಗುತ್ತವೆ, ತೃಪ್ತಿಯೂ ಆಗುವುದಿಲ್ಲ. ಈ ಅಭ್ಯಾಸ ಇರುವವರಿಗೆ ಬೈಪಾಸ್ ಮಾಡಿದರೂ ಎರಡು ವರ್ಷದ ನಂತರ ಕಥೆ ಅಲ್ಲಿಗೇ ಬರುತ್ತದೆ. ಥೈರಾಯ್ಡ್, ಕೆಲವು ಮನೋವೈದ್ಯಕೀಯ ಔಷಧಗಳು, ಸ್ಟೀರಾಯ್ಡ್ ಕೂಡ ತೂಕ ಏರಿಸುತ್ತವೆ, ಅವನ್ನೂ ನೋಡಿಸಿ.

ನಿಮ್ಮ ತೊಂದರೆ ಮುಖ್ಯವಾಗಿ ತೂಕವೇ ಆಗಿದ್ದರೆ ಔಷಧದ ದಾರಿಯೂ ಈಗ ಇದೆ. 2025ರ ಮಾರ್ಚಿನಲ್ಲಿ ಟಿರ್ಜೆಪಟೈಡ್, ಜೂನ್‌ನಲ್ಲಿ ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಭಾರತದ ಮಾರುಕಟ್ಟೆಗೆ ಬಂದವು, ಮತ್ತು ಸ್ಲೀವ್ ಆದ ಮೇಲೆ ತೂಕ ಮರಳಿದವರಿಗೂ ವೈದ್ಯರು ಇವನ್ನು ಕೊಡುತ್ತಾರೆ. ನಿಮ್ಮ ವಿಷಯದಲ್ಲಿ ಎರಡು ತೊಡಕುಗಳಿವೆ. ಇವು ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುವುದರಿಂದ ಹುಳಿ ತೇಗು ಕೆಲವರಲ್ಲಿ ಹೆಚ್ಚಾಗಬಹುದು. ಗರ್ಭ ಧರಿಸುವ ಮೊದಲು ಇವನ್ನು ನಿಲ್ಲಿಸಬೇಕು, ಸೆಮಾಗ್ಲುಟೈಡ್ ಆದರೆ ಕನಿಷ್ಠ ಎರಡು ತಿಂಗಳ ಮುಂಚೆ.

ಇನ್ನು ಬೈಪಾಸ್ ಎಂದರೆ ಯಾವ ಬೈಪಾಸ್ ಎಂದು ಕೇಳಿ. ಒಂದೇ ಜೋಡಣೆಯ ಮಿನಿ ಬೈಪಾಸ್ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ, ಆದರೆ ಅದರಲ್ಲಿ ಪಿತ್ತರಸ ಮೇಲಕ್ಕೆ ಬರುವ ಸಾಧ್ಯತೆ ಇರುವುದರಿಂದ ಎದೆಯುರಿಯೇ ಕಾರಣವಾದವರಿಗೆ ಸಾಮಾನ್ಯವಾಗಿ ರೂ-ಎನ್-ವೈ ಬೈಪಾಸನ್ನು ಆಯುತ್ತಾರೆ. ಈ ರೂ ಎಂಬುದು ಸ್ವಿಟ್ಜರ್ಲೆಂಡಿನ ಸರ್ಜನ್ ಸೀಸರ್ ರೂ ಅವರ ಹೆಸರು. ವೈ ಎಂಬುದು ಕರುಳನ್ನು ಜೋಡಿಸಿದ ಆಕಾರ. ಸ್ಲೀವ್ ಕೊಳವೆಯ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ.ಯ ಪುಟ್ಟ ಚೀಲವನ್ನು ಬೇರ್ಪಡಿಸಿ ಸಣ್ಣ ಕರುಳಿಗೆ ನೇರವಾಗಿ ಸೇರಿಸುತ್ತಾರೆ. ಉಳಿದ ಕೊಳವೆ ಹೊಟ್ಟೆಯಲ್ಲಿಯೇ ಇರುತ್ತದೆ, ಅದರ ರಸವೂ ಪಿತ್ತರಸವೂ ಒಂದರಿಂದ ಒಂದೂವರೆ ಮೀಟರ್ ಕೆಳಗೆ ಬಂದು ಆಹಾರವನ್ನು ಕೂಡಿಕೊಳ್ಳುತ್ತವೆ. ಆಮ್ಲ ಮೇಲಕ್ಕೆ ಬರುವ ದಾರಿಯೇ ಕಡಿದುಹೋಗುತ್ತದೆ. ಸ್ಲೀವ್‌ನಲ್ಲಿ ತೆಗೆದ ಜಠರ ಮರಳಿ ಬರುವುದಿಲ್ಲವಾದ್ದರಿಂದ, ಹಿಂದಕ್ಕೆ ಹೋಗುವ ಪ್ರಶ್ನೆ ಇಲ್ಲ.

ಎರಡನೆಯ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಷ್ಟದ್ದು. ಹಳೆಯ ಗಾಯದ ಅಂಟುಗಳಿರುತ್ತವೆ, ಜೋಡಣೆಯ ಜಾಗದಲ್ಲಿ ಸೋರಿಕೆಯ ಅಪಾಯ ಮೊದಲ ಬಾರಿಗಿಂತ ಹೆಚ್ಚು. ಇಂತಹ ಬದಲಾವಣೆಯ ಶಸ್ತ್ರಚಿಕಿತ್ಸೆಗಳನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ನಾನು ನೇರವಾಗಿ ಕೇಳಿದೆ, ಕೇಳಲು ಸಂಕೋಚಪಡಬೇಡಿ. ನನ್ನದು ಲ್ಯಾಪರೋಸ್ಕೋಪಿಯಲ್ಲಿ ಆಯಿತು, ಹರ್ನಿಯಾವನ್ನೂ ಹೊಲಿದರು, ನಾಲ್ಕನೆಯ ದಿನ ಮನೆಗೆ ಬಂದೆ. ವಾರದೊಳಗೆ ದಿಂಬುಗಳು ಒಂದಕ್ಕೆ ಇಳಿದವು. ತೂಕ ಒಂದೂವರೆ ವರ್ಷದಲ್ಲಿ 78ಕ್ಕೆ ಬಂದು ಅಲ್ಲಿಯೇ ನಿಂತಿದೆ. ಮೊದಲ ಬಾರಿ 42 ಕೆ.ಜಿ., ಎರಡನೆಯ ಬಾರಿ 13.

ಊಟದಲ್ಲಿ ಒಂದು ವಿಷಯವನ್ನು ಆಸ್ಪತ್ರೆಯ ಮುದ್ರಿತ ಹಾಳೆ ಹೇಳುವುದಿಲ್ಲ, ಏಕೆಂದರೆ ಅದನ್ನು ಬರೆದವರು ಮುದ್ದೆ ತಿನ್ನುವವರಲ್ಲ. ಪ್ರತಿ ತುತ್ತನ್ನೂ ಇಪ್ಪತ್ತು ಬಾರಿ ಅಗಿಯಿರಿ ಎಂದು ಅದರಲ್ಲಿದೆ. ಮುದ್ದೆಯನ್ನು ಅಗಿಯುವುದುಂಟೇ? ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಬೈಪಾಸ್ ಆದ ಮೂರನೆಯ ತಿಂಗಳಲ್ಲಿ ಅಭ್ಯಾಸಬಲದಿಂದ ಹೆಬ್ಬೆರಳ ಗಾತ್ರದ ತುತ್ತನ್ನು ನುಂಗಿ, ಅದು ಚೀಲದ ಬಾಯಲ್ಲಿ ಕುಳಿತು, ಬಾಯಿಯಿಂದ ಜೊಲ್ಲು ಸುರಿಯುತ್ತಾ ಮುಕ್ಕಾಲು ಗಂಟೆ ಬಚ್ಚಲಲ್ಲಿ ನಿಂತಿದ್ದೆ. ರಾಗಿಯನ್ನು ಬಿಡಬೇಕಾಗಿಲ್ಲ, ಅಂಬಲಿ, ತೆಳುವಾದ ಗಂಜಿ ಸೊಗಸಾಗಿ ಇಳಿಯುತ್ತವೆ.

ಸಿಹಿಯದು ಇನ್ನೊಂದು ಪಾಠ. ಕೆಳಗಿನ ಕವಾಟ ಈಗ ದಾರಿಯಲ್ಲಿ ಇಲ್ಲದ ಕಾರಣ ಸಕ್ಕರೆ ನೇರವಾಗಿ ಕರುಳಿಗೆ ಸುರಿಯುತ್ತದೆ. 2023ರ ಯುಗಾದಿಯಂದು ಅರ್ಧ ಹೋಳಿಗೆ ತಿಂದ ಇಪ್ಪತ್ತು ನಿಮಿಷಕ್ಕೆ ಎದೆ ಡವಗುಟ್ಟಿ, ಬೆವರು ಕಿತ್ತು, ನೆಂಟರ ನಡುವಿನಿಂದ ಎದ್ದು ಹೋಗಿ ಕೋಣೆಯಲ್ಲಿ ಮಲಗಬೇಕಾಯಿತು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆಗಳ ನಂತರ ರಕ್ತದ ಸಕ್ಕರೆ ಇಳಿದು ಕೈಕಾಲು ನಡುಗುವುದೂ ಉಂಟು.

ಮಾತ್ರೆಗಳು ಜೀವನಪರ್ಯಂತ: ಕಬ್ಬಿಣ, ಬಿ12, ಕ್ಯಾಲ್ಸಿಯಂ, ಡಿ ಜೀವಸತ್ವ, ಬಹುಜೀವಸತ್ವ. ಕ್ಯಾಲ್ಸಿಯಂ ಕಾರ್ಬೊನೇಟ್ ಹೀರಿಕೊಳ್ಳಲು ಆಮ್ಲ ಬೇಕಾದ್ದರಿಂದ ಸಿಟ್ರೇಟ್ ರೂಪದ್ದನ್ನು ಬರೆಸಿಕೊಳ್ಳಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಇರಲಿ, ಮತ್ತು ಕಬ್ಬಿಣದ ಮಾತ್ರೆಯನ್ನು ಬೆಳಗಿನ ಫಿಲ್ಟರ್ ಕಾಫಿಯೊಂದಿಗೆ ನುಂಗಬೇಡಿ. ನಾನು ಒಂದು ವರ್ಷ ಹಾಗೆಯೇ ನುಂಗಿದೆ, ದೇಹದ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ 6ಕ್ಕೆ ಇಳಿದು ರಕ್ತನಾಳದ ಮೂಲಕ ಕಬ್ಬಿಣ ಹಾಕಿಸಿಕೊಳ್ಳಬೇಕಾಯಿತು. ತಲೆನೋವೆಂದು ಮೆಡಿಕಲ್ ಶಾಪಿನವರು ಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡವೇ ಬೇಡ. ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ.

ವಿಮೆಯ ಬಗ್ಗೆ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಗೊತ್ತುಪಡಿಸಿದ ಪ್ರಮಾಣಿತ ಷರತ್ತಿನ ಪ್ರಕಾರ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 40 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ತೀವ್ರ ನಿದ್ರಾ ಉಸಿರುಗಟ್ಟುವಿಕೆ, ಹತೋಟಿಗೆ ಬಾರದ ಮಧುಮೇಹದಂತಹ ಕಾಯಿಲೆಗಳೊಂದಿಗೆ 35 ಇರಬೇಕು. ನನ್ನದು 35.5, ಆ ಕಾಯಿಲೆಗಳಿರಲಿಲ್ಲ, ನಗದುರಹಿತ ಅರ್ಜಿ ತಿರಸ್ಕೃತವಾಯಿತು. ಇದು ತೂಕಕ್ಕಲ್ಲ, ಅನ್ನನಾಳದ ಹುಣ್ಣು ಮತ್ತು ಹರ್ನಿಯಾಕ್ಕೆ ಎಂದು ಸರ್ಜನ್ ಬರೆದ ಪತ್ರ, ಎಂಡೋಸ್ಕೋಪಿಯ ಚಿತ್ರಗಳು, ಅಲ್ಲಿಯವರೆಗಿನ ಮಾತ್ರೆ ಚೀಟಿಗಳನ್ನು ಲಗತ್ತಿಸಿ ಮತ್ತೆ ಸಲ್ಲಿಸಿದ ಮೇಲೆ ಹೆಚ್ಚಿನ ಪಾಲು ಮರುಪಾವತಿಯಾಯಿತು. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ಅದರ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿಯೇ ವಿಮಾ ಲೋಕಪಾಲರ ಕಚೇರಿ ಇದೆ, ವಕೀಲರ ಅಗತ್ಯವಿಲ್ಲ.

ಕೊನೆಯದಾಗಿ ಮಗುವಿನ ವಿಚಾರ. ಬೈಪಾಸ್ ಆದ ಮೇಲೆ ತೂಕ ಸ್ಥಿರಗೊಳ್ಳುವವರೆಗೆ, ಸಾಮಾನ್ಯವಾಗಿ 12ರಿಂದ 18 ತಿಂಗಳು, ಗರ್ಭಧಾರಣೆ ಬೇಡವೆನ್ನುತ್ತಾರೆ. ಈ ಅವಧಿಯಲ್ಲಿ ಗರ್ಭನಿರೋಧಕ ಮಾತ್ರೆಗಳನ್ನೇ ನೆಚ್ಚಿಕೊಳ್ಳಬೇಡಿ, ಅವು ಸರಿಯಾಗಿ ಹೀರಿಕೆಯಾಗದೆ ಇರಬಹುದು, ಬೇರೆ ವಿಧಾನವನ್ನು ಕೇಳಿ. ಗರ್ಭಿಣಿಯಾದಾಗ ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ ನಿಮಗೆ ಹೊಂದುವುದಿಲ್ಲ, ಡಂಪಿಂಗ್ ಆಗುತ್ತದೆ. ಮನೆಯಲ್ಲಿಯೇ ಬೆರಳು ಚುಚ್ಚಿ ನೋಡುವ ವ್ಯವಸ್ಥೆಯನ್ನು ಮಾಡಿಕೊಡುವಂತೆ ಪ್ರಸೂತಿ ತಜ್ಞರಿಗೆ ಹೇಳಿ. ಮತ್ತು ಆಗ ಬಿಟ್ಟುಬಿಟ್ಟು ತೀವ್ರ ಹೊಟ್ಟೆನೋವು ಬಂದರೆ ಅದನ್ನು ಬಸುರಿನ ನೋವೆಂದು ಮನೆಯಲ್ಲಿ ಕೂರಬೇಡಿ: ಬೈಪಾಸ್ ಆದವರ ಕರುಳು ಒಳಗಿನ ಸಂದಿಗಳಲ್ಲಿ ಸಿಕ್ಕಿಕೊಳ್ಳುವುದುಂಟು, ರಾತ್ರಿ ಎಷ್ಟು ಹೊತ್ತಾಗಿದ್ದರೂ ಬೊಜ್ಜಿನ ಶಸ್ತ್ರಚಿಕಿತ್ಸೆ ಬಲ್ಲ ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ, ಬೈಪಾಸ್ ಆಗಿದೆ ಎಂಬುದನ್ನು ಮೊದಲ ಮಾತಾಗಿ ಹೇಳಿ.